ಎಮ್ಮೆ ಸತ್ತ ಮೇಲಿನ ಸೀನು

ನಾನು ಬರೆದ ಮೊಟ್ಟಮೊದಲ ಸೀನು ಹೀಗಿತ್ತು: ‘ನಾಯಕಿಯ ಮನಸ್ಸಿನಲ್ಲಿ ಬಿರುಗಾಳಿ ಎದ್ದಿತು. ಬಾಲ್ಯದ ನೆನಪುಗಳು ಅವಳನ್ನು ಕಾಡಿದವು.’

ಬೆಂಗಳೂರಿನಿಂದ ಫೋನಿನಲ್ಲೇ ಚಿತ್ರಕಥೆ ಬರೆಯುವುದನ್ನು ಕಲಿಸುತ್ತಿದ್ದ ಮೇಡಂ ಅದನ್ನು ಗಟ್ಟಿಯಾಗಿ ಓದಿ, ‘ಈ ಬಿರುಗಾಳಿಗೆ ಎಷ್ಟು ಫ್ಯಾನ್ ಬಾಡಿಗೆಗೆ ತರಿಸೋಣ?’ ಎಂದು ಕೇಳಿದರು. ಕ್ಲಾಸಿನಲ್ಲಿದ್ದವರೆಲ್ಲ ನಕ್ಕರು. ದೊಡ್ಡಗಾಜನೂರಿನ ನಮ್ಮ ಮನೆಯ ತಾರಸಿಯಲ್ಲಿ, ಸಿಗ್ನಲ್ ಸಿಗುವ ಒಂದೇ ಒಂದು ಮೂಲೆಯಲ್ಲಿ, ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆ ಇಟ್ಟಾಗಲೆಲ್ಲ ಬಹುಮಾನ ಬಾಚಿಕೊಂಡು ಬಂದವಳು ನಾನು. ನನ್ನ ಬಿರುಗಾಳಿಗೆ ಫ್ಯಾನಂತೆ!

ಸಿಟ್ಟು ಬಂದರೆ ಕೆಲವರು ಕೆಲಸ ಬಿಡುತ್ತಾರೆ. ನನಗೆ ಸಿಟ್ಟು ಬಂದರೆ ಹಟ ಇನ್ನಷ್ಟು ಹೆಚ್ಚುತ್ತದೆ. ಮೇಡಂ ಹೇಳಿದ್ದು ಸರಳವಾಗಿತ್ತು. ಕಣ್ಣಿಗೆ ಕಾಣದ್ದು, ಕಿವಿಗೆ ಕೇಳದ್ದು ಸ್ಕ್ರಿಪ್ಟಿನಲ್ಲಿ ಇರಕೂಡದು; ನಾಯಕಿಗೆ ದುಃಖವಾಗಿದ್ದರೆ ದುಃಖ ಅಂತ ಬರೆಯಬೇಡ, ಅವಳು ಏನು ಮಾಡುತ್ತಾಳೆ ಅದನ್ನು ಬರೆ. ಅವತ್ತಿನಿಂದ ನಾನು ಜನರ ಮುಖ ನೋಡುವುದನ್ನು ಬಿಟ್ಟು ಕೈ ನೋಡಲು ಶುರುಮಾಡಿದೆ. ತಾಳವಾಡಿ ಸಂತೆಯಲ್ಲಿ ಚೌಕಾಸಿ ಮುರಿದು ಸಿಟ್ಟಾದ ಹೆಂಗಸು ಕೋಸಿನ ಗಡ್ಡೆಯನ್ನು ಹೇಗೆ ವಾಪಸ್ ಇಡುತ್ತಾಳೆ, ಬಸ್ಸಿನಲ್ಲಿ ಜಗಳವಾಡಿಕೊಂಡು ಕೂತ ಗಂಡಹೆಂಡಿರು ಟಿಕೆಟ್ಟನ್ನು ಹೇಗೆ ಕೈ ಬದಲಾಯಿಸುತ್ತಾರೆ, ಹೀಗೆ. ನೋಡಿ ನೋಡಿ ಒಂದಿಬ್ಬರಿಂದ ಬೈಸಿಕೊಂಡದ್ದೂ ಉಂಟು.

ಕಥೆಗೆ ಮಾತ್ರ ಅಲೆಯಬೇಕಾಗಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರ ಹೆಂಡತಿಯರು ಮಾತು ಬಿಟ್ಟರೂ ಬೇಸಾಯ ನಿಲ್ಲುವ ಹಾಗಿಲ್ಲ. ಇರುವುದು ಒಂದೇ ಬಾವಿ, ಒಂದೇ ಮೋಟಾರು. ಇಬ್ಬರ ಹೊಲಕ್ಕೂ ನೀರು ಹೋಗಲೇಬೇಕು. ಆಗ ಅವರು ನಡುವೆ ಕಟ್ಟಿರುವ ಎಮ್ಮೆಯ ಜೊತೆ ಮಾತಾಡುತ್ತಾರೆ.

‘ಏ ಎಮ್ಮ, ನಮ್ಮ ಬೆಳ್ಳುಳ್ಳಿಗ ನೀರು ಸಾಕಂತ. ಮೋಟ್ರು ನಿಲ್ಸು ಅಂತ ಅವ್ಳಿಗ ಏಳು’ ಎನ್ನುತ್ತಾಳೆ ಒಬ್ಬಳು.

‘ನನಗೂ ಕಣ್ಣು ಕಾಣ್ತದ ಅಂತ ನೀನೂ ಏಳ್ಬುಡು ಎಮ್ಮ’ ಎನ್ನುತ್ತಾಳೆ ಇನ್ನೊಬ್ಬಳು.

ಎಮ್ಮೆ ಪಾಪ, ಮೆಲುಕು ಹಾಕುತ್ತ ನಿಂತಿರುತ್ತದೆ. ಚಿಕ್ಕಂದಿನಿಂದ ನೋಡಿದ್ದೇ ಆದರೂ ಅದರಲ್ಲೊಂದು ಸಿನಿಮಾ ಇದೆ ಅಂತ ನನಗೆ ಹೊಳೆದದ್ದು ಬರೆಯಲು ಕಲಿತ ಮೇಲೆ. ಹಾಗೆ ವರ್ಷಾನುಗಟ್ಟಲೆ ಎಮ್ಮೆಯ ಮೂಲಕವೇ ಬಾಳಿದ ಇಬ್ಬರು ಓರಗಿತ್ತಿಯರ ಕಥೆ ಕಟ್ಟಿದೆ. ಬರೆದು, ಹರಿದು, ಮತ್ತೆ ಬರೆದೆ.

ಆದರೆ ಸಿನಿಮಾದವರಲ್ಲಿ ಸ್ಕ್ರಿಪ್ಟ್ ಓದುವವರು ಕಡಿಮೆ. ನಿರ್ಮಾಪಕರ ಎದುರು ಕೂತು ಬಾಯಲ್ಲೇ ಇಡೀ ಕಥೆಯನ್ನು ಹೇಳಬೇಕು. ಇದಕ್ಕೆ ನರೇಶನ್ ಎನ್ನುತ್ತಾರೆ. ಬರೆಯುವಾಗ ಹುಲಿಯಂತಿದ್ದ ನನಗೆ ಹೇಳಲು ಹೋದರೆ ನಾಲಿಗೆ ಅಂಟುತ್ತಿತ್ತು. ಅದಕ್ಕೇ ನಮ್ಮತ್ತೆಯನ್ನು ಹಿಡಿದುಕೊಂಡೆ. ಸಂಜೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿರುತ್ತಿದ್ದರು. ನಮ್ಮೂರುಗಳಲ್ಲಿ ಕಥೆ ಹೇಳುವವರಿದ್ದರೆ ಹೂಂಗುಟ್ಟುವವರು ಇರಲೇಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಅತ್ತೆ ‘ಊಂ’ ಎನ್ನುತ್ತಿದ್ದರು, ನಾನು ಹೇಳುತ್ತಿದ್ದೆ. ಸೀನು ಚುರುಕಾಗಿದ್ದರೆ ಊಂ ಚುರುಕಾಗಿ ಬರುತ್ತಿತ್ತು. ಎಳೆದರೆ ಅವರ ಊಂ ಕೂಡ ಎಳೆಯುತ್ತಿತ್ತು. ಪೂರಾ ನಿಂತುಹೋದರೆ ನಿದ್ದೆ ಹೋಗಿದ್ದಾರೆ ಎಂದರ್ಥ.

ಒಂದು ಸಂಜೆ ಕಥೆಯ ಚಿಕ್ಕ ಓರಗಿತ್ತಿಯನ್ನು ಮನೆಯಿಂದ ಬಾವಿಯವರೆಗೆ ನಡೆಸುತ್ತಿದ್ದೆ. ಬೇಲಿ, ಓಣಿ, ಮಂಜು ಎಲ್ಲ ವರ್ಣಿಸಿದೆ. ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದರು.

‘ಅವ್ಳು ಬಾವಿಗ ಓಯ್ತಾವ್ಳ ಅಂತ ಗೊತ್ತಾಯ್ತಲ್ಲ ಕಣ್ಮಗ. ಇನ್ನೂ ಯಾಕ ನಡುಸ್ತಿದ್ದೈ? ಕಾಲ್ ನೋಯಲ್ವ ಅದುಕ್ಕ? ಸೇರುಸ್ಬುಡು!’

ಬೇಲಿ, ಓಣಿ ಎಲ್ಲ ಹೊಡೆದುಹಾಕಿ ಅವಳನ್ನು ನೇರ ಬಾವಿಗೆ ಸೇರಿಸಿಬಿಟ್ಟೆ. ಆ ವಾರ ಮೇಡಂ ಅದೇ ಸೀನನ್ನು ಕ್ಲಾಸಿಗೆಲ್ಲ ಓದಿ ತೋರಿಸಿದರು. ಫ್ಯಾನಿನ ಸುದ್ದಿ ಎತ್ತಲಿಲ್ಲ. ಆಮೇಲೆ ಅವರೇ ನನ್ನ ಕಥೆಯ ಒಂದು ಪುಟದ ಸಾರಾಂಶವನ್ನು ಒಬ್ಬ ನಿರ್ಮಾಪಕರಿಗೆ ಕಳಿಸಿದರು.

ನಿರ್ಮಾಪಕರು ಫೋನ್ ಮಾಡಿದಾಗ ನಾನು ತಾರಸಿಯಲ್ಲೇ ಕುಣಿದುಬಿಟ್ಟೆ. ಆದರೆ ಮಾತಿನ ಕೊನೆಗೆ ಅವರೊಂದು ಕೊಕ್ಕೆ ಇಟ್ಟರು. ‘ಕಥೆ ಇಷ್ಟವಾದ್ರೆ ತಗೋತೀವಿ. ಚಿತ್ರಕಥೆ, ಸಂಭಾಷಣೆ ಬರೆಯೋಕೆ ನಮ್ಮಲ್ಲಿ ಅನುಭವಸ್ಥರು ಇದ್ದಾರೆ. ನೀವು ತಲೆ ಕೆಡಿಸ್ಕೋಬೇಡಿ.’

ತಲೆ ಕೆಡದೆ ಇರುತ್ತದೆಯೇ? ಓರಗಿತ್ತಿಯರ ಜಗಳ ನಮ್ಮ ಊರಿನ ಯಾರು ಬೇಕಾದರೂ ಹೇಳಿಯಾರು. ಅದನ್ನು ಸೀನಾಗಿ ಕಟ್ಟುವುದನ್ನು ನಾನು ಕಲಿತಿದ್ದೆ. ಆ ಅನುಭವಸ್ಥರ ಕೈಗೆ ಕೊಟ್ಟರೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಜುಟ್ಟು ಹಿಡಿಸುತ್ತಾರೆ, ಎಮ್ಮೆಯನ್ನು ಹಾಲು ಕರೆಯಲು ಮಾತ್ರ ಇಟ್ಟುಕೊಳ್ಳುತ್ತಾರೆ. ಚಿತ್ರಕಥೆ ನನ್ನದೇ ಎಂದು ಒಪ್ಪಿಸಬೇಕು, ಇಲ್ಲವೇ ಕಥೆಯನ್ನು ಕಟ್ಟಿಕೊಂಡು ಮನೆಗೆ ಬರಬೇಕು ಎಂದು ತೀರ್ಮಾನಿಸಿದೆ.

ನಿರ್ಮಾಪಕರು ಶೂಟಿಂಗಿಗೆ ಜಾಗಗಳನ್ನು ನೋಡಲು ಈ ಕಡೆ ಬಂದವರು, ಘಾಟಿ ಇಳಿಯುವ ಮೊದಲು ದಿಂಬಂನಲ್ಲಿ ಸಿಗುತ್ತೇನೆ ಎಂದಿದ್ದರು. ನಾನು ಬಸ್ಸಿನಲ್ಲಿ ಹೋಗಿ ಇಳಿದಾಗ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿದ್ದರು. ‘ಬೇಗ ಹೇಳಮ್ಮ, ಸಂಜೆ ಕಾಡಿನ ಚೆಕ್‌ಪೋಸ್ಟ್ ಮುಚ್ಚಿದ್ರೆ ಕಾರು ಬಿಡಲ್ವಂತೆ’ ಎಂದರು. ಶುರುಮಾಡಿದೆ. ಅವರು ಫೋನಿನಿಂದ ಕಣ್ಣೆತ್ತಲಿಲ್ಲ. ಮಧ್ಯೆ ಒಮ್ಮೆ ಕೋತಿಗೆ ಬಿಸ್ಕತ್ತು ಎಸೆದರು. ನನ್ನ ಮಾತು ತೊದಲತೊಡಗಿತು. ಇನ್ನು ಸ್ವಲ್ಪ ಹೊತ್ತಾದರೆ ಎಲ್ಲ ಕೈತಪ್ಪಿಹೋಗುತ್ತದೆ ಅನ್ನಿಸಿದಾಗ ನನ್ನ ಹಳೇ ಸಿಟ್ಟು ನೆರವಿಗೆ ಬಂತು.

‘ಸಾರ್, ನಮ್ಮ ಕಡ ಕತ ಕೇಳೋರು ಊಂ ಅನ್ಬೇಕು. ಇಲ್ದಿದ್ರ ನಾವು ಕತ ಏಳಕಿಲ್ಲ’ ಎಂದೆ. ಸಿಟ್ಟಿನಲ್ಲಿ ಮನೆಮಾತೇ ಬಾಯಿಗೆ ಬಂದಿತ್ತು.

ಅವರು ತಲೆ ಎತ್ತಿ ನೋಡಿ ಜೋರಾಗಿ ನಕ್ಕರು. ಫೋನನ್ನು ಜೇಬಿಗಿಟ್ಟು, ತಮಾಷೆಗೆ, ‘ಹೂಂ’ ಎಂದರು. ನಾನು ಬಿಟ್ಟ ಕಡೆಯಿಂದ ಹಿಡಿದೆ. ಎಮ್ಮೆಯ ಜೊತೆಗಿನ ಮೊದಲ ಮಾತಿಗೆ ಇನ್ನೊಂದು ಹೂಂ ಬಂತು. ಮೋಟಾರಿನ ಜಗಳಕ್ಕೆ ಹೂಂ ಜೊತೆ ನಗುವೂ ಬಂತು. ನನ್ನ ನಾಲಿಗೆ ಬಿಚ್ಚಿಕೊಂಡಿತು. ಎಮ್ಮೆ ಮುದಿಯಾಯಿತು, ಹುಲ್ಲು ಬಿಟ್ಟಿತು, ಒಂದು ದಿನ ಸತ್ತುಹೋಯಿತು. ಮರುದಿನ ಬೆಳಿಗ್ಗೆ ಓರಗಿತ್ತಿಯರಿಬ್ಬರೂ ಬಾವಿಗೆ ಬಂದರು. ಈ ಕಡೆ ಒಬ್ಬಳು, ಆ ಕಡೆ ಒಬ್ಬಳು, ನಡುವೆ ಖಾಲಿ ಗೂಟ. ಯಾರ ಹೊಲಕ್ಕೆ ಮೊದಲು ನೀರು ಅಂತ ಕೇಳಬೇಕು. ಕೇಳಲು ಎಮ್ಮೆ ಇಲ್ಲ.

ಹೂಂ ಬರಲಿಲ್ಲ. ಅತ್ತೆಯ ಹಾಗೆ ಇವರೂ ನಿದ್ದೆ ಹೋದರೇ? ನೋಡಿದರೆ ಮನುಷ್ಯ ಕಣ್ಣರಳಿಸಿ ಕೂತಿದ್ದಾರೆ. ಕೈಯಲ್ಲಿದ್ದ ಟೀ ಕೆನೆಗಟ್ಟಿದೆ. ಹೂಂ ಅನ್ನುವುದನ್ನೇ ಮರೆತಿದ್ದರು. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ನಾನು ಯಾವ ಸೀನಿನಲ್ಲೂ ಬರೆಯಲಾರೆ. ಡ್ರೈವರ್ ಹಾರ್ನ್ ಹೊಡೆದ. ಅವರು ತಿರುಗಿ ನೋಡಲಿಲ್ಲ.

‘ಆಮೇಲೆ? ಮಾತಾಡಿದ್ರಾ ಇಲ್ವಾ?’ ಎಂದರು.

ನಾನು ಬೇಕೆಂದೇ ಸೆರಗು ಸರಿಮಾಡಿಕೊಂಡೆ. ‘ಚಿತ್ರಕಥೆ ಯಾರ್ದು ಸಾರ್?’

ಅವರು ನನ್ನನ್ನೇ ದಿಟ್ಟಿಸಿದರು. ಮತ್ತೆ ಹಾರ್ನ್ ಆಯಿತು. ಜೇಬಿನಿಂದ ಫೋನ್ ತೆಗೆದು ತಮ್ಮ ಆಫೀಸಿಗೆ ನನ್ನೆದುರಿಗೇ ಧ್ವನಿ ಸಂದೇಶ ಹಾಕಿದರು: ‘ಚಿತ್ರಕಥೆ, ಸಂಭಾಷಣೆ ಎರಡೂ ಈಯಮ್ಮಂದೇ. ಅಗ್ರಿಮೆಂಟ್ ರೆಡಿ ಮಾಡಿ.’ ಆಮೇಲೆ ನನ್ನ ಕಡೆ ತಿರುಗಿ, ‘ಸಾಕಾ? ಈಗ ಹೇಳಿ’ ಎಂದರು.

ಹೇಳಿದೆ. ‘ಚಿಕ್ಕವಳು ಅಭ್ಯಾಸಬಲದಿಂದ ಗೂಟದ ಕಡೆ ತಿರುಗುತ್ತಾಳೆ ಸಾರ್. ಬಾಯಿ ತೆರೆಯುತ್ತಾಳೆ. ಮಾತು ಹೊರಡುವುದಿಲ್ಲ. ನಿಧಾನವಾಗಿ ದೊಡ್ಡವಳ ಕಡೆ ತಿರುಗಿ, “ಅಕ್ಕ, ಎಮ್ಮ ಇಲ್ವಲ್ಲಕ್ಕ” ಅಂತಾಳೆ. ಅಷ್ಟೇ. ಸಿನಿಮಾ ಮುಗೀತು.’

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ‘ಶೂಟಿಂಗಿಗೆ ಒಳ್ಳೆ ಎಮ್ಮೆ ಎಲ್ಲಿ ಸಿಗುತ್ತೆ, ರೈಟರ್ ಮೇಡಂ?’ ಎಂದು ಕೇಳಿದರು.

‘ನಮ್ಮನೇಲೇ ಅದ ಸಾರ್’ ಎಂದೆ. ‘ಅದು ಸಾಯೋ ಸೀನಿಗ ನಮ್ಮತ್ತೆ ಒಪ್ಬೇಕು, ಅಷ್ಟೇಯ.’