ಅವ್ವನ ಅಂಟುವಾಳದ ಪುಡಿ

ಯಾರಾದರೂ ಪಕ್ಕದಲ್ಲಿ ಒಂದೇ ಒಂದು ಸೀನು ಸೀನಿ ಸುಮ್ಮನಾದರೆ ನನ್ನ ಕಿವಿ ಇನ್ನೊಂದಕ್ಕೆ ಕಾಯುತ್ತದೆ. ಬರುವವರೆಗೂ ಸಮಾಧಾನವಿಲ್ಲ. ನಗಬೇಡಿ, ನಿಮ್ಮ ಮನೆಯಲ್ಲೂ ಒಂಟಿ ಸೀನಿಗೆ ಹೆದರುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಮೊನ್ನೆ ಅಂಗಡಿಯೊಂದರಲ್ಲಿ ಅಂಟುವಾಳಕಾಯಿಯ ಚಿತ್ರ ಹಾಕಿದ್ದ ಒಂದು ಬಾಟಲಿ ಕಣ್ಣಿಗೆ ಬಿತ್ತು, ಬಟ್ಟೆ ಒಗೆಯುವ ದ್ರಾವಣವಂತೆ. ಆಸೆ ತಡೆಯದೆ ಮುಚ್ಚಳ ತಿರುಗಿಸಿ ಮೂಸಿದೆ. ನಿಂಬೆಹುಳಿ ಪೆಪ್ಪರಮೆಂಟಿನ ವಾಸನೆ ಬಂತು, ಸೀನು ಬರಲಿಲ್ಲ. ಸೀನು ಬರಿಸದ ಅಂಟುವಾಳ ಎಂಥ ಅಂಟುವಾಳ? ಬಾಟಲಿಯನ್ನು ಇದ್ದಲ್ಲೇ ಇಟ್ಟು ಹೊರಗೆ ಬಂದೆ. ಆದರೆ ಆ ಚಿತ್ರದ ಸುಕ್ಕು ಸುಕ್ಕು ಕಂದು ಕಾಯಿಗಳು ನನ್ನ ಜೊತೆಗೇ ಮನೆಗೆ ಬಂದವು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಗೆ ಬೆನ್ನು ಕೊಟ್ಟ ಒಂದು ಓಣಿಯಲ್ಲಿತ್ತು. ಅಪ್ಪ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೇರಳಕ್ಕೆ ತರಕಾರಿ ಹೊತ್ತು ಹೋಗುವ ಲಾರಿಗಳ ಹೊಟ್ಟೆಯಡಿಗೆ ನುಸುಳಿ ಸಂಜೆಗೆ ಅವನು ಹೊರಬಂದರೆ ಅಂಗಿ ಯಾವುದು, ಗ್ರೀಸು ಯಾವುದು ತಿಳಿಯುತ್ತಿರಲಿಲ್ಲ. ಅಂಗಡಿ ಸೋಪಿನ ಬಿಲ್ಲೆಯೆಲ್ಲ ಅವನೊಬ್ಬನ ಬಟ್ಟೆಗೇ ಸವೆದುಹೋಗುತ್ತಿತ್ತು, ನಮ್ಮ ಲಂಗ ದಾವಣಿಗಳಿಗೆ ಬರೀ ನೀರೇ ಗತಿ. ಅದಕ್ಕೇ ಅವ್ವ ತಾನೇ ಪುಡಿ ಮಾಡಿಕೊಳ್ಳುತ್ತಿದ್ದಳು. ಅವಳ ತವರು ಪುಣಜನೂರು. ಕಾಡಂಚಿನ ಆ ಊರಿನಿಂದ ವರ್ಷಕ್ಕೊಮ್ಮೆ ಒಂದು ಚೀಲ ಅಂಟುವಾಳಕಾಯಿ ಬಸ್ಸಿನ ಟಾಪಿನ ಮೇಲೆ ಕೂತು ನಮ್ಮ ಮನೆಗೆ ಬರುತ್ತಿತ್ತು. ಅವ್ವ ಬೀಜ ಬಿಡಿಸಿ ಸಿಪ್ಪೆಯನ್ನು ಹೆಂಚಿನ ಮೇಲೆ ಹರಡುತ್ತಿದ್ದಳು. ಮುರಿದರೆ ಚಟ್ ಅನ್ನುವಷ್ಟು ಒಣಗಿದ ಮೇಲೆ ಒರಳಿಗೆ ಹಾಕಿ ಕುಟ್ಟಿ, ಹಳೇ ಪಂಚೆಯಲ್ಲಿ ಸೋಸಿದ ಒಲೆಬೂದಿ, ಕಾಗದದ ಪೊಟ್ಟಣದಲ್ಲಿ ತಂದ ಸೋಡಾ ಬೆರೆಸುತ್ತಿದ್ದಳು. ಸೋಡಾ ಅವಳ ಬೆರಳ ಸಂದುಗಳನ್ನು ಒಡೆದುಹಾಕುತ್ತಿತ್ತು. ಕೊಬ್ಬರಿ ಎಣ್ಣೆ ಸವರಿಕೊಂಡು ಉಸ್ಸೆನ್ನುತ್ತಿದ್ದಳೇ ಹೊರತು ಒಂದು ದಿನಕ್ಕೂ ಬೇಜಾರು ಮಾಡಿಕೊಂಡವಳಲ್ಲ.

ಕೊನೆಯಲ್ಲಿ ಅವಳೊಂದು ಕೆಲಸ ಮಾಡುತ್ತಿದ್ದಳು. ಅವ್ವ ದಿನಾ ಮರುಗ ಮುಡಿಯುತ್ತಿದ್ದಳು. ಹೂವಿಲ್ಲದಿದ್ದರೂ ಆಗುತ್ತಿತ್ತು, ಒಂದು ಎಳೆ ಮರುಗವಾದರೂ ಜಡೆಯಲ್ಲಿರಬೇಕು. ಮುಡಿದು ಬಾಡಿದ್ದನ್ನು ಎಸೆಯದೆ ಕಿಟಕಿಯ ಮೇಲೆ ಕೂಡಿಟ್ಟು, ಒಣಗಿದ ಮೇಲೆ ಅಂಗೈಯಲ್ಲಿ ಹೊಸಕಿ ಪುಡಿಗೆ ಉದುರಿಸುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಇದನ್ನು ಕಂಡರೆ ಸಿಡಿಯುತ್ತಿದ್ದಳು. ಬಾಯಿ ತುಂಬ ಎಲೆ ಅಡಿಕೆ, ದವಡೆಯಲ್ಲಿ ಹೊಗೆಸೊಪ್ಪು ಒತ್ತರಿಸಿಕೊಂಡೇ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವ. ಗ್ರೀಸ್ ಬಟ್ಟೆಗೆ ವಾಸ್ನೆ ಬೇರೆ ಕೇಡು," ಅಂತಿದ್ದಳು. ಅವ್ವ ಎದುರು ಮಾತಾಡಿದವಳಲ್ಲ, ಆದರೆ ಮರುಗ ಉದುರಿಸುವುದನ್ನೂ ಬಿಡಲಿಲ್ಲ. ಒಂದೇ ಒಲೆ ಹಂಚಿಕೊಂಡಿದ್ದ ಅತ್ತೆ ಸೊಸೆಗೆ ಅಷ್ಟಕ್ಕಷ್ಟೇ ಅಂತ ಓಣಿಗೇ ಗೊತ್ತಿತ್ತು.

ಪುಡಿ ಕುಟ್ಟುವ ದಿನ ಮನೆ ತುಂಬ ಸೀನು. ಅಂಟುವಾಳದ ಧೂಳು ಅಷ್ಟು ಖಾರ, ಸೆರಗಲ್ಲಿ ಮೂಗು ಬಾಯಿ ಕಟ್ಟಿಕೊಂಡರೂ ಬಿಡುತ್ತಿರಲಿಲ್ಲ. ಗ್ಯಾರೇಜಿಗೆ ಹೊರಟ ಅಪ್ಪ ಬಾಗಿಲ ಹತ್ತಿರ ಬರುವುದೇ ತಡ, ಸೀನುತ್ತಿದ್ದ. ಒಂಟಿ ಸೀನಿಗೆ ಹೊರಡುವ ಹಾಗಿಲ್ಲ, ಜೋಡಿ ಸೀನಾದರೆ ಶುಭ. ಅವ್ವ ಸೆರಗಿನೊಳಗಿಂದಲೇ, "ಕುಂತ್ಕಳಿ, ಇನ್ನೊಂದು ಬರ್ಲಿ," ಅಂತಿದ್ದಳು. ಅಪ್ಪ ಜಗಲಿಯ ಮೇಲೆ ಕೂತು ನೀರು ಕುಡಿದು ಕಾಯುತ್ತಿದ್ದ. ಹೊತ್ತಾಯಿತು ಅಂತ ಅವನು ಗೊಣಗತೊಡಗಿದರೆ ಅವ್ವ ಪುಡಿ ಜರಡಿ ಹಿಡಿಯುವ ಒಂದ್ರಿ ತಂದು ಅವನ ಮೂಗಿನ ಮುಂದೆಯೇ ಒಂದು ಸಲ ಅಲ್ಲಾಡಿಸಿಬಿಡುತ್ತಿದ್ದಳು. ಶುಭ ಆಗಿಯೇ ಆಗುತ್ತಿತ್ತು. ಅಪ್ಪ ಕಣ್ಣು ಮೂಗು ಒರೆಸಿಕೊಳ್ಳುತ್ತ ಓಣಿ ದಾಟುವವರೆಗೂ ಅವಳು ನಗುತ್ತಿದ್ದಳು.

ಒಂದು ಬೇಸಿಗೆ ಅವ್ವನಿಗೆ ಕಾಮಾಲೆ ಬಂತು. ನಾಟಿ ಔಷಧಿ, ಪಥ್ಯ ಎಲ್ಲ ಆಯಿತು. ಕಣ್ಣು ಅರಿಸಿನವಾದ ಮೇಲೆ ಅಪ್ಪ ಗ್ಯಾರೇಜಿನವರದೇ ವ್ಯಾನಿನಲ್ಲಿ ಮೈಸೂರಿಗೆ ಕರೆದುಕೊಂಡು ಹೊರಟ. ಅವ್ವ ನನ್ನ ಕೆನ್ನೆ ಸವರಿ, ನಾಲ್ಕು ವರ್ಷದ ತಂಗಿ ಮಂಜಿಯನ್ನು ನೋಡಿಕೋ ಅಂದಳು. ಒರಳು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಅಯ್ಯೋ, ಅವತ್ತು ಯಾರೂ ಸೀನಲೇ ಇಲ್ಲ. ಒಬ್ಬರಾದರೂ ಸೀನಿದ್ದರೆ ಒಂದು ಗಳಿಗೆ ಕೂರಿಸಿಕೊಳ್ಳಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಅವಳು ಅದೇ ವ್ಯಾನಿನಲ್ಲಿ ಮಲಗಿಕೊಂಡೇ ವಾಪಸು ಬಂದಳು.

ಮಂಜಿಗೆ ಸಾವು ಅಂದರೆ ಏನು ಗೊತ್ತು. ಅವಳಿಗೆ ಗೊತ್ತಿದ್ದದ್ದು ಅವ್ವನ ಹಸಿರು ನೂಲಿನ ಸೀರೆ. ವ್ಯಾನು ಹತ್ತುವ ಮುಂಚೆ ಅವ್ವ ಬಿಚ್ಚಿಟ್ಟು ಹೋಗಿದ್ದ ಆ ಸೀರೆಯನ್ನು ಹಗ್ಗದ ಮೇಲಿಂದ ಎಳೆದುಕೊಂಡು, ಮುದ್ದೆ ಮಾಡಿ, ಮುಖ ಹುದುಗಿಸಿದರೆ ಮಾತ್ರ ಅವಳಿಗೆ ನಿದ್ದೆ. ಇಲ್ಲದಿದ್ದರೆ ಅತ್ತು ಅತ್ತು ಕೆಮ್ಮಿ ವಾಂತಿ ಮಾಡಿಕೊಳ್ಳುತ್ತಿದ್ದಳು. ನಾನೂ ಪಕ್ಕದಲ್ಲಿ ಮಲಗಿ ಅದರ ಒಂದು ಅಂಚನ್ನು ಮೂಗಿಗೆ ಹಿಡಿದುಕೊಳ್ಳುತ್ತಿದ್ದೆ. ಒಲೆಹೊಗೆ, ಬೆವರು, ಎಣ್ಣೆ, ಮರುಗ. ಅವ್ವ ಅಲ್ಲಿದ್ದಳು. ಆದರೆ ತಿಥಿಗೆ ಮುಂಚೆ ಸೂತಕದ ಮನೆಯ ಒಂದು ಚಿಂದಿಯೂ ಒಗೆಯದೆ ಉಳಿಯುವ ಹಾಗಿಲ್ಲ. ಹೊದಿಕೆ, ಚಾಪೆ, ಬಾಗಿಲ ಪರದೆ, ಎಲ್ಲ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ರಾಶಿ ಬಿದ್ದವು. ಸೀರೆಯೊಂದನ್ನು ಬಿಡಜ್ಜಿ ಅಂತ ನಾನು ಗೋಗರೆದೆ. ನೆಂಟರ ಹೆಂಗಸರು ಮೈಲಿಗೆ, ಮಗೂಗೆ ಆಗಲ್ಲ ಅಂದರು. ಮಂಜಿ ಮಲಗಿದ್ದಾಗ ಅಜ್ಜಿ ಅವಳ ಮುಷ್ಟಿ ಬಿಡಿಸಿ ಸೀರೆ ತೆಗೆದುಕೊಂಡು ಹೋದಳು.

ಅವಳು ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ಉಳಿದ ಬಟ್ಟೆಗೆಲ್ಲ ಅಂಗಡಿ ಸೋಪು ತರಿಸಿದ್ದಳು. ಈ ಸೀರೆಗೆ ಮಾತ್ರ ಒಳಗಿಂದ ಅವ್ವನ ಪುಡಿಯ ಡಬ್ಬ ತಂದಳು. ಅವ್ವ ಕೊನೆಯ ಸಲ ಕುಟ್ಟಿದ ಪುಡಿ ಅರ್ಧ ಡಬ್ಬ ಉಳಿದಿತ್ತು. ಹಿಡಿ ಸಾಕಾಗುವ ಕಡೆ ಅಜ್ಜಿ ಅಷ್ಟನ್ನೂ ಬಕೆಟ್ಟಿಗೆ ಸುರಿದಳು, ಡಬ್ಬದ ತಳ ತಟ್ಟಿ ತಟ್ಟಿ ಸುರಿದಳು. ನೊರೆ ಬಕೆಟ್ಟಿನಿಂದ ಉಕ್ಕಿ ಹಿತ್ತಲ ಮಣ್ಣಿಗೆ ಇಳಿಯಿತು. ನಾನು ಸಿಟ್ಟಿನಿಂದ ನೋಡುತ್ತ ನಿಂತಿದ್ದೆ. ಅವಳು ತಲೆ ಎತ್ತದೆ, "ಅವಳ ಪುಡೀಲೇ ಒಗೀತಿವ್ನಿ ಕಣಮ್ಮಿ. ಮೈಲಿಗೆ ಓಗ್ತದೆ, ಅವಳ ವಾಸ್ನೆ ಅಂಗೇ ಉಳ್ಕತದೆ," ಅಂದಳು. ಅಷ್ಟು ದಿನ ಬೈದುಕೊಂಡು ಬಂದಿದ್ದ ಮರುಗವನ್ನು ಅಜ್ಜಿ ಅವತ್ತು ನಂಬಿದ್ದಳು.

ಒಣಗಿದ ಸೀರೆಯನ್ನು ಅವಳೇ ಮಡಚಿ ಸಂಜೆ ಮಂಜಿಯ ಮಡಿಲಿಗಿಟ್ಟಳು. ಮಂಜಿ ಖುಷಿಯಿಂದ ಮುಖ ಒತ್ತಿದಳು. ಎತ್ತಿದಳು. ಇನ್ನೊಂದು ಅಂಚು ಹುಡುಕಿ ಮೂಸಿದಳು, ಆಮೇಲೆ ಮಡಿಕೆ ಪೂರ್ತಿ ಬಿಚ್ಚಿ ಸೆರಗು ಮೂಸಿದಳು. ಅಂಟುವಾಳ, ಮರುಗ ಘಮ್ಮೆನ್ನುತ್ತಿದ್ದವು. "ಇದ್ರಲ್ಲಿ ಅವ್ವ ಇಲ್ಲ," ಅಂದು ಸೀರೆಯನ್ನು ಪಕ್ಕಕ್ಕಿಟ್ಟಳು. ಅಳಲೂ ಇಲ್ಲ. ಅಜ್ಜಿ ಎಲೆ ಅಡಿಕೆ ಜಗಿಯುವುದು ಅರ್ಧಕ್ಕೇ ನಿಂತಿತು. ಅವಳು ಎದ್ದು ಹೋಗಿ ಖಾಲಿ ಡಬ್ಬದೊಳಗೆ ಕೈ ಹಾಕಿ ತಡವಿದಳು, ಬೆರಳ ತುದಿಗೂ ಏನೂ ಹತ್ತಲಿಲ್ಲ. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ, ಮಣ್ಣು ಮಾಡಿದ ದಿನವಲ್ಲ.

ತಿಥಿ ಮುಗಿದ ಮಾರನೆಯ ಬೆಳಗ್ಗೆ ಅಜ್ಜಿ ಆ ಹಸಿರು ಸೀರೆ ಉಟ್ಟುಕೊಂಡು ಒಲೆ ಮುಂದೆ ಕೂತಿದ್ದಳು. ಸತ್ತವಳ ಸೀರೆ ಉಡುವುದುಂಟೇ ಅಂತ ನೆಂಟರು ಮೂಗು ಮುರಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಉಟ್ಟೇ ಮುದ್ದೆ ತಿರುವಿದಳು, ಅಪ್ಪನ ಗ್ರೀಸು ಬಟ್ಟೆ ಒಗೆದಳು, ಅದರ ಸೆರಗಲ್ಲೇ ಮೂಗು ಕಟ್ಟಿಕೊಂಡು ಪುಣಜನೂರಿನ ಕಾಯಿ ಕುಟ್ಟಿದಳು. ಸಂಜೆ ಮಂಜಿಯನ್ನು ತೊಡೆ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಮೊದಮೊದಲು ಮಂಜಿ ಕೊಸರಿಕೊಳ್ಳುತ್ತಿದ್ದಳು. ಮಳೆಗಾಲ ಕಳೆಯುವ ಹೊತ್ತಿಗೆ ಆ ಸೆರಗು ಮುಖಕ್ಕೆ ತಾಗದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಸೀರೆ ಚಿಂದಿಯಾಗುವವರೆಗೂ ಅಜ್ಜಿ ಉಟ್ಟಳು.

ಈಗ ಅಜ್ಜಿಯಿಲ್ಲ, ಅಪ್ಪನೂ ಇಲ್ಲ. ರಸ್ತೆ ಅಗಲವಾದಾಗ ಆ ಮನೆಯೂ ಹೋಯಿತು. ಮಂಜಿ ಚಾಮರಾಜನಗರದಲ್ಲಿ ಗಂಡ ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ. ಅಂಗಡಿಯ ಬಾಟಲಿಯ ಕತೆ ಹೇಳೋಣ ಅಂತ ಮೊನ್ನೆಯೇ ಅವಳ ಮನೆಗೆ ಹೋದೆ. ಕಾಫಿ ಕೊಡುತ್ತ ಕೇಳಿಸಿಕೊಂಡಳು. ಆಮೇಲೆ, "ನಂಗೆ ಅವ್ವನ ಮುಖ ನೆಪ್ಪಿಲ್ಲ ಕಣಕ್ಕ. ವಾಸ್ನೆ ಮಾತ್ರ ಅಂಗೇ ಅದೆ. ಬೂದಿ, ಎಲೆ ಅಡಕೆ, ಒಗೆಸೊಪ್ಪು. ಅದೇ ಅಲ್ವಾ?" ಅಂದಳು.

ನಮ್ಮವ್ವ ಜನ್ಮದಲ್ಲಿ ಹೊಗೆಸೊಪ್ಪು ಮುಟ್ಟಿದವಳಲ್ಲ. ಮರುಗದ ಹೆಸರು ನನ್ನ ನಾಲಿಗೆ ತುದಿಗೆ ಬಂದಿತ್ತು. ಲೋಟ ಕೆಳಗಿಟ್ಟು, "ಊಂ ಕಣವ್ವ, ಅದೇ," ಅಂದೆ.