ಅದೇ ಸಮುದ್ರದ ಆಚೆ ದಂಡೆ

ತಂಗಿಯ ಬಾಣಂತನಕ್ಕೆಂದು ನಾನು ಒಮಾನ್ ದೇಶದ ಸಲಾಲಾಕ್ಕೆ ಹೋದದ್ದು ಆಷಾಢದಲ್ಲಿ. ಅವ್ವ ತೀರಿಕೊಂಡಿದ್ದಳು, ಅಕ್ಕನಾದ ನಾನೇ ಹೋಗಬೇಕಿತ್ತು. ತಂಗಿ, ಅವಳ ಗಂಡ ಇಬ್ಬರೂ ಅಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದರು. ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು.

ಹೊರಡುವ ದಿನ ಮಳೆ ಜಡಿ ಹಿಡಿದಿತ್ತು. "ಪುಣ್ಯವಂತಿ ನೀನು, ಒಣಾ ದೇಶಕ್ಕ ಹೊಂಟಿ. ಇಲ್ಲೆ ಅರಿವಿ ಒಣಗಸೂದ್ರಾಗ ನನ್ನ ಜೀವ ಹೋಗ್ತೈತಿ" ಎಂದರು ಅತ್ತೆ.

ಸಲಾಲಾದಲ್ಲಿ ಇಳಿದರೆ ಅಲ್ಲೂ ತುಂತುರು! ಬೆಟ್ಟಗಳು ಹಸಿರಾಗಿ ಮಂಜು ಹೊದ್ದಿದ್ದವು, ರಸ್ತೆ ಬದಿಯಲ್ಲಿ ಎಳನೀರು, ಬಾಳೆಗೊನೆ. ನಮ್ಮ ಕಡೆ ಮುಂಗಾರು ತರುವ ಗಾಳಿಯೇ ಅರೇಬಿಯಾ ಪರ್ಯಾಯ ದ್ವೀಪದ ಈ ಒಂದು ಅಂಚನ್ನು ಸವರಿಕೊಂಡು ಬರುತ್ತದೆಂದು ಓದಿದ್ದೆ. ಮೈಮೇಲೆ ಹನಿ ಬಿದ್ದಾಗಲೇ ಅದು ನಿಜವೆನಿಸಿದ್ದು. ಮರುಭೂಮಿಯ ಊರುಗಳಿಂದ ಬಂದ ಸಂಸಾರಗಳು ಆ ಮಳೆಯಲ್ಲೇ ಚಾಪೆ ಹಾಸಿ ಊಟಕ್ಕೆ ಕೂತಿದ್ದವು.

ನನಗೆ ಮಾತ್ರ ಕೂಸಿನ ಬಟ್ಟೆಯದೇ ಚಿಂತೆ. ಏನು ಮಾಡಿದರೂ ಒಣಗುತ್ತಿರಲಿಲ್ಲ. ಅದನ್ನು ನೋಡಿದ ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಕೆಂಡದ ಮಡಕೆ ಹಿಡಿದು ಬಂದಳು. ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಬಟ್ಟೆ ಹರವಿ, ಕೆಂಡಕ್ಕೆ ಲೋಬಾನದ ಧೂಪ ಉದುರಿಸಿದಳು. ನಾನು ನಕ್ಕುಬಿಟ್ಟೆ. ನನ್ನ ಮಗಳು ಹುಟ್ಟಿದ ಮಳೆಗಾಲದಲ್ಲಿ ಅತ್ತೆ ಮಾಡಿದ್ದೂ ಇದನ್ನೇ.

"ಈ ಲೋಬಾನದ ಗಿಡ ಇಲ್ಲೇ ಬೆಳಿತೈತೇನು?" ಎಂದು ಕೇಳಿದೆ. ತಂಗಿಯ ಗಂಡ ಅರಬ್ಬಿಯಲ್ಲಿ ಅಜ್ಜಿಯನ್ನು ಕೇಳಿ ಹೇಳಿದ: "ಈ ಮಳ್ಯಾಗ ಇಲ್ಲಂತ್ರಿ. ಗುಡ್ಡದ ಆಚಿ ಕಡೆ, ಒಣಾ ನೆಲದಾಗಂತ. ತೋರಸ್ತಾಳಂತ."

ಮರುವಾರ ಅವನ ಕಾರಿನಲ್ಲಿ ಅಜ್ಜಿ, ಅವನು, ನಾನು ಮೂವರೂ ಹೋದೆವು. ಬೆಟ್ಟದ ನೆತ್ತಿ ದಾಟುತ್ತಲೇ ಮಂಜು ಹರಿಯಿತು, ಹುಲ್ಲು ನಿಂತೇಹೋಯಿತು. ಮುಂದೆ ಬರೀ ಕಲ್ಲು, ಬಿಸಿಲು, ಕುರುಚಲು ಲೋಬಾನದ ಗಿಡಗಳು. ಹಿಂದಿನ ಇಳಿಜಾರಿನಲ್ಲಿ ದನದ ಕೊಟ್ಟಿಗೆ, ಮನೆಗಳು ಒತ್ತಾಗಿದ್ದವು. ಇಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ಸೂರಿಲ್ಲ. ನಮ್ಮಲ್ಲೂ ಹಾನಗಲ್ಲಿನಿಂದ ಮೂಡಣಕ್ಕೆ ಹೋದಂತೆ ಭತ್ತದ ಗದ್ದೆ ಹಿಂದೆ ಉಳಿದು ಕರಿಮಣ್ಣಿನ ಎರೆ ಹೊಲ ಬರುತ್ತದೆ. ಶಿಗ್ಗಾವಿ ದಾಟಿ ಸವಣೂರು ಮುಟ್ಟುವಷ್ಟರಲ್ಲಿ ಹಳೆಯ ಮನೆಗಳ ಇಳಿಜಾರು ಹಂಚು ಹೋಗಿ ಮಣ್ಣು ಹಾಸಿದ ಚಪ್ಪಟೆ ಮಾಳಿಗೆಗಳು ಕಾಣುತ್ತವೆ. ಆದರೆ ಊರುಗಳು ತಪ್ಪುವುದಿಲ್ಲ. ನಮ್ಮ ಪರ್ಯಾಯ ದ್ವೀಪಕ್ಕೆ ಮಳೆ ಎಷ್ಟು ಧಾರಾಳವೆಂದು ನಾನು ಎಂದೂ ಯೋಚಿಸಿರಲಿಲ್ಲ.

ಅಜ್ಜಿ ದೂರದ ಒಂದು ಒಣಹಳ್ಳದ ಕಡೆ ಕೈ ತೋರಿಸಿದಳು. ಅವಳು ಹುಟ್ಟಿದ್ದು ಅಲ್ಲಿ, ಒಂಟೆ ಸಾಕುವವರ ಡೇರೆಯಲ್ಲಂತೆ. ಮದುವೆಯಾಗಿ ಮಳೆಯ ಕಡೆ ಬಂದಳು. ಹೊಸದರಲ್ಲಿ ಒದ್ದೆ ಹಾಸಿಗೆ, ನೊಣ, ಜಾರುವ ನೆಲ ನೋಡಿ ಅತ್ತಿದ್ದಳಂತೆ.

"ನಾನೂ ಒಣಾ ನೆಲದಾಕಿ, ಸವಣೂರಾಕಿ. ಮಾಳಗಿ ಮ್ಯಾಲ ಮಲಗಿ ಬೆಳದಾಕಿ. ಲಗ್ನಾಗಿ ಬಂದಾಗ ಹಾನಗಲ್ಲ ಮಳಿಗೆ ನಾನೂ ಅತ್ತೇನಿ ಅಂತ ಹೇಳು" ಎಂದೆ.

ತಂಗಿಯ ಗಂಡ ಹೇಳಿದ. ಅಜ್ಜಿ ನನ್ನ ಮುಖ ನೋಡಿ ಏನೋ ಕೇಳಿದಳು.

"ಈಗ ರೂಢಿ ಆಗೈತೇನು ಅಂತ ಕೇಳಾಕತ್ತಾಳ್ರಿ."

"ಮಳಿ ತಡಾ ಆದ್ರ ನಾನ ಮೊದಲ ಮುಗಲ ನೋಡ್ತೇನಿ" ಎಂದೆ.

ಅವನು ತಿಳಿಸಿದಾಗ ಅಜ್ಜಿ ಹೌದೆಂಬಂತೆ ತಲೆಯಾಡಿಸಿದಳು. ಬಿಸಿಲಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತು, ಮನೆಯಲ್ಲಿ ಕೂಸಿನ ಜೊತೆ ತಂಗಿ ಒಬ್ಬಳೇ ಇದ್ದಾಳೆಂದು ಕಾರು ಹತ್ತಿದೆವು.