ಜಂಬಮ್ಮನ ಜೇನು, ಉಜ್ಜಿನಪ್ಪನ ಸಕ್ಕರೆ

ಬಾದನಹಟ್ಟಿಯ ಜಂಬಮ್ಮನ ಬಾಯಿ ಜೋರು, ಕರುಳು ಮೆತ್ತಗೆ. ಸೂರ್ಯಕಾಂತಿ ಹೊಲದ ಬದುವಿನಲ್ಲಿ, ಬೇವಿನ ಮರದಡಿ, ಎರಡು ಪೆಟ್ಟಿಗೆಗಳಲ್ಲಿ ಜೇನು ಸಾಕಿದ್ದಳು. ಕಾರ್ತಿಕದಲ್ಲಿ ಇರುವೆ ಮುತ್ತಿ ಒಂದರ ಜೇನು ಪೂರ್ತಿ ಎದ್ದು ಹೋಯಿತು. ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಉಳಿದದ್ದು ಒಂದೇ ಸಂಸಾರ. ಅದೂ ಹೋದರೆ ಮತ್ತೆ ಪೆಟ್ಟಿಗೆ ಮುಟ್ಟುವ ಧೈರ್ಯ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹಾಗಾಗಿ ಕಾವಲು ಬಿಗಿಯಾಯಿತು. ಇರುವೆ ಹತ್ತದಂತೆ ಪೆಟ್ಟಿಗೆಯ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು. ಎಂಟು ದಿನಕ್ಕೊಮ್ಮೆ ಅಡಿಹಲಗೆ ಗುಡಿಸಿ, ಮೇಣ ತಿನ್ನುವ ಹುಳ ಆರಿಸುವುದು. ಮಾರ್ಗಶಿರದ ಚಳಿ ಬಿದ್ದಾಗ ತಾನು ಹೊದೆಯುವ ಕೌದಿಯನ್ನೇ ಪೆಟ್ಟಿಗೆಗೆ ಹೊದಿಸಿದಳು. ಇಷ್ಟಾದರೂ ಒಂದು ಸೋಮವಾರ ಬೆಳಿಗ್ಗೆ ನೋಡುತ್ತಾಳೆ, ಮುಚ್ಚಳದ ಮೇಲೆ ಕೆಂಪಿರುವೆಯ ಸಾಲು!

ಅನುಮಾನ ನೆಟ್ಟಗೆ ಗಂಡನ ಮೇಲೆ ಹೋಯಿತು. ಉಜ್ಜಿನಪ್ಪ ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ, ಅದೇ ಬೇವಿನ ಬುಡದ ಇರುವೆ ಗೂಡಿಗೆ ರವೆ-ಸಕ್ಕರೆ ಹಾಕುವವನು. ಅವರಪ್ಪ ಹಾಕುತ್ತಿದ್ದ, ಇವನೂ ಹಾಕುತ್ತಾನೆ.

“ಕರದು ಕರದು ಉಣ್ಣಾಕ ಇಡ್ತೀರಿ, ಅವು ಉಂಡ ಮನಿ ಗಳ ಎಣಸಾಕ ಬಂದಾವು! ನಿಮ್ಮ ಪುಣ್ಯಕ್ಕ ನನ್ನ ಜೇನು ಬಲಿ ಏನು?”

“ಇರುವಿಗೂ ಹೊಟ್ಟಿ ಐತಲ್ಲ ಮಾರಾಯ್ತಿ,” ಎಂದ ಉಜ್ಜಿನಪ್ಪ. ಹಾಗೆಂದರೂ ಅಂದೇ ತನ್ನ ದಾನವನ್ನು ಕಾಲುವೆಯಾಚೆಯ ಬದುವಿಗೆ ಒಯ್ದ.

ಇರುವೆ ಒರೆಸಿ ಹಾಕಿದ್ದರೂ ಮಾರನೆಯ ದಿನ ಸಾಲು ಮತ್ತೆ ಹಾಗೇ ಇತ್ತು. ಜಂಬಮ್ಮ ಕುಕ್ಕರಗಾಲಲ್ಲಿ ಕೂತು ಅದರ ಬಾಲ ಹುಡುಕಿದಳು. ಸಾಲು ನೀರಿನ ಬಟ್ಟಲುಗಳ ಗೊಡವೆಗೇ ಹೋಗದೆ, ಹಿಂಬದಿಯಲ್ಲಿ ಜೋತುಬಿದ್ದು ನೆಲ ಮುಟ್ಟಿದ್ದ ಕೌದಿಯ ಅಂಚು ಹಿಡಿದು ಮೇಲೇರುತ್ತಿತ್ತು. ಅಯ್ಯೋ ಶಿವನೇ! ಇರುವೆಗೆ ದಾರಿ ಮಾಡಿಕೊಟ್ಟವಳು ಅವಳೇ.

ಕೌದಿ ಕಿತ್ತೆಸೆದು, ಇರುವೆ ಒರೆಸಿ, ಮುಚ್ಚಳ ಎತ್ತಿದಳು. ಜೇನು ಒಂದು ಮೂಲೆಯಲ್ಲಿ ಮುದ್ದೆಯಾಗಿ ಕೂತಿತ್ತು. ಚಳಿಗೋ, ಹೊರಟು ನಿಂತಿದೆಯೋ, ತಿಳಿಯಲಿಲ್ಲ. ಮೆಲ್ಲಗೆ ಮುಚ್ಚಿದಳು.

ಗಂಡ ಬಂದಾಗ ನೆಲ ನೋಡುತ್ತಲೇ ಹೇಳಿದಳು, “ತಪ್ಪು ನಂದರಿ. ಸುಮ್ಮನ ಬೈದೆ.”

“ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಳಂತ!” ಉಜ್ಜಿನಪ್ಪ ನಕ್ಕ. ಆದರೂ ಕೆಲಸ ಬಿಟ್ಟು ಅವಳ ಪಕ್ಕದಲ್ಲೇ ಕುಕ್ಕರಿಸಿದ.

ಬಿಸಿಲು ಏರಿತು. ಪೆಟ್ಟಿಗೆಯ ಬಾಗಿಲಿಗೆ ಒಂದು ಜೇನು ಬಂದಿಳಿಯಿತು, ಹಿಂಗಾಲುಗಳಲ್ಲಿ ಹಳದಿ ಪರಾಗದ ಉಂಡೆ. ಹಿಂದೆಯೇ ಇನ್ನೊಂದು, ಮತ್ತೆರಡು. ಗೂಡು ಬಿಟ್ಟು ಹೊರಟ ಜೇನು ಮರಿಗಳಿಗೆ ಬುತ್ತಿ ತರುವುದಿಲ್ಲ. ಜಂಬಮ್ಮನ ಕಣ್ಣು ತುಂಬಿತು.

“ನೋಡ್ರಿ, ಕೂಸಿಗೆ ಉಣ್ಣಾಕ ತರಾಕತ್ಯಾವು! ಹೋಗಂಗಿಲ್ಲ ಇವು, ನಮ್ಮನ್ನ ಬಿಟ್ಟು ಹೋಗಂಗಿಲ್ಲ!” ಎಂದು ಕೂಗಿ, ಅವಳು ಗಂಡನ ಹೆಗಲಿಗೆ ಕೊಟ್ಟ ಏಟಿಗೆ ಅವನು ಬದುವಿನ ಮೇಲೆ ಧೊಪ್ಪನೆ ಕೂತುಬಿಟ್ಟ.